ಎಡಬದಿಯ ನಡುವಿನ ಗಾಲಿ

ಹರಿ ಬಾವನಿಗೆ,

ಈ ಕಾಗದವನ್ನು ನೀನು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದುತ್ತಿರುತ್ತೀಯ ಎಂದು ನೆನೆಸಿಕೊಂಡರೇ ನನಗೆ ಖುಷಿ ತಡೆಯಲಾಗುತ್ತಿಲ್ಲ. ಇಂಗ್ಲಿಷಿನಲ್ಲಿ ಬರೆದಿದ್ದರೆ ನೀನು ಒಂದೇ ಉಸಿರಿಗೆ ಓದಿ ಮಡಚಿ ಎಸೆಯುತ್ತಿದ್ದೆ. ತಮಿಳಿನಲ್ಲಿ ಬರೆದಿದ್ದರೆ ನಿನಗಿಂತ ಮೊದಲು ನಿನ್ನಮ್ಮ ಓದುತ್ತಿದ್ದರು. ನಮ್ಮ ಬಳಗವೆಲ್ಲ ಮನೆಯೊಳಗೆ ಕನ್ನಡ ಮಾತಾಡಿದರೂ ಅಕ್ಷರ ಬರುವುದು ನಮ್ಮಿಬ್ಬರಿಗೆ ಮಾತ್ರ. ನಿನಗೆ ಅಮ್ಮನ ಅಮ್ಮ, ನನಗೆ ಅಪ್ಪನ ಅಮ್ಮ ಆದ ಅಂಗಮ್ಮಜ್ಜಿ ಬೇಸಿಗೆ ರಜೆಯಲ್ಲಿ ತಟ್ಟೆಗೆ ಅಕ್ಕಿ ಹರಡಿ, ನಮ್ಮ ಬೆರಳು ಹಿಡಿದು ತಿದ್ದಿಸಿದ ಅಕ್ಷರಗಳು. ಒತ್ತಕ್ಷರ ಬಂದಾಗಲೆಲ್ಲ ನೀನು ಅಳುತ್ತಿದ್ದೆ, ನೆನಪಿದೆಯಾ? ಅದಕ್ಕೇ ಇಲ್ಲಿ ಒತ್ತಕ್ಷರಗಳನ್ನು ಧಾರಾಳವಾಗಿ ಬಡಿಸಿದ್ದೇನೆ. ನಿಧಾನವಾಗಿ ಓದು. ಯಾರನ್ನೂ ಸಹಾಯಕ್ಕೆ ಕರೆಯುವ ಹಾಗಿಲ್ಲ.

ಮೊದಲು ಸಂತೋಷದ ಸುದ್ದಿ. ನಾನು ಸುಖವಾಗಿದ್ದೇನೆ ಬಾವ, ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸುಖವಾಗಿದ್ದೇನೆ! ಪ್ರೇಮ್ ಕುಮಾರ್ ಬೆಳಿಗ್ಗೆ ಕಾಫಿ ಹಿಡಿದು ಬಂದು ಎಬ್ಬಿಸುತ್ತಾನೆ. ಅತ್ತೆಯ ಎದುರಿಗೆ ನಾನು ಅವನನ್ನು ಮರ್ಯಾದೆಯಿಂದ ‘ಏನುಂಗ’ ಎಂದು ಕರೆದರೆ ಅವನಿಗೆ ನಗು ಉಕ್ಕಿ ಕಾಫಿ ಮೂಗಿಗೇರುತ್ತದೆ. ತಾಳಿಯ ದಾರದ ಅರಿಶಿನ ನನ್ನ ಎಲ್ಲ ಕುರ್ತಾಗಳ ಕತ್ತಿಗೂ ಹತ್ತಿದೆ. ಒಂದನ್ನೂ ಒಗೆಯಲು ಮನಸ್ಸು ಬರುತ್ತಿಲ್ಲ. ಇದು ಪಂಪು ಮಾಡುವವರ ಮನೆ. ಊಟದ ಎಲೆಯ ಮುಂದೆ ಕೂತಾಗಲೂ ಬೇರಿಂಗಿನ ಮಾತು, ಎರಕದ ಮಾತು. ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಸ್ವರ್ಗ ಎಲ್ಲಿದೆ? ಯುದ್ಧದ ಟ್ಯಾಂಕುಗಳ ಪುಟ್ಟ ಮಾಡೆಲ್ ಕಟ್ಟುವ ನನ್ನ ಮೇಜಿಗೆ ಕಿಟಕಿಯ ಪಕ್ಕದ ಜಾಗ ಕೊಟ್ಟಿದ್ದಾರೆ. ಅಲ್ಲಿದ್ದ ಹೊಲಿಗೆ ಯಂತ್ರವನ್ನು ನನ್ನತ್ತೆ ತಂಗಮಣಿಯವರೇ ಎಳೆದು ಬದಿಗಿಟ್ಟರು.

ನಿನ್ನ ಉಡುಗೊರೆಯೂ ಅದೇ ಮೇಜಿನ ಮೇಲಿದೆ. ಆರತಕ್ಷತೆಯ ದಿನ ನೀನು ಬಿಳಿ ಪ್ಯಾಂಟಿನಲ್ಲಿ ವೇದಿಕೆ ಹತ್ತಿ ಬಂದು ಉಗುರು ಬಣ್ಣದ ಪೆಟ್ಟಿಗೆಯನ್ನು ನನ್ನ ಕೈಗಿಟ್ಟೆಯಲ್ಲ, ಅದು. “ಏ ಕುಳ್ಳಿ, ಇನ್ಮೇಲೆ ಬಣ್ಣ ಬಳಿಯೋ ಆಸೆ ಬಂದ್ರೆ ಇದ್ರಲ್ಲಿ ಬಳ್ಕೋ. ಟ್ಯಾಂಕೆಲ್ಲ ನಾನ್ ನೋಡ್ಕೋತೀನಿ,” ಎಂದೆ. ಆಮೇಲೆ ಪ್ರೇಮನ ಹೆಗಲಿಗೆ ಕೈ ಹಾಕಿ, “ಕೈ ಚೆನ್ನಾಗಿದೆ ಮಾಪ್ಪಿಳ್ಳೆ ಇವಳ್ದು. ಬಾಗ್ಲಲ್ಲಿ ದಿನಾ ಒಂದ್ ಕೋಲ, ರಂಗೋಲಿ ಹಾಕಿಸ್ಕೋ,” ಎಂದೆ. ಆ ಫೋಟೋದಲ್ಲಿ ನಾವು ಮೂವರೂ ನಗುತ್ತಿದ್ದೇವೆ. ನೀನು ಯಾಕೆ ನಕ್ಕೆ ಎಂದು ನನಗೆ ಗೊತ್ತು. ನಾನು ಯಾಕೆ ನಕ್ಕೆ ಎಂದರೆ, ಅಳು ಬಂದರೆ ಕಣ್ಣಿನ ಕಪ್ಪು ಇಳಿದು ಸೀರೆ ಕೆಡುತ್ತಿತ್ತು.

ಕಾಲೇಜಿನ ಶನಿವಾರಗಳನ್ನು ನೀನು ಹೇಗೆ ನೆನಪಿಟ್ಟುಕೊಂಡಿದ್ದೀಯೋ ಕಾಣೆ. ನನಗಂತೂ ಕೊಯಮತ್ತೂರಿನ ಉಕ್ಕಡಂ ಬಸ್ ಸ್ಟ್ಯಾಂಡಿನ ಬಾಳೆಹಣ್ಣಿನ ವಾಸನೆಯಿಂದ ಹಿಡಿದು ಎಲ್ಲವೂ ನೆನಪಿದೆ. ಪೊಳ್ಳಾಚಿ ಬಸ್ಸು, ಕಿಣತ್ತುಕಡವು ದಾಟಿದ ಮೇಲೆ ಆ ಮುಚ್ಚಿದ ಮಿಲ್ಲಿನ ಕಾಂಪೌಂಡು, ಒಳಗೆ ಹಳೆಯ ಗಾಡಿಗಳ ಆ ಪುಟ್ಟ ಮ್ಯೂಸಿಯಂ, ಅದರ ನಡುವೆ ಸಿಮೆಂಟು ಕಟ್ಟೆಯ ಮೇಲೆ ನಮ್ಮ ವಿಜಯಂತ ಟ್ಯಾಂಕು. ಬಿಸಿಲಿಗೆ ಕಾದ ಕಬ್ಬಿಣವನ್ನು ಮುಟ್ಟಿದರೆ ಅಂಗೈ ಸುಡುತ್ತಿತ್ತು. ನಾನು ಅದರ ಮೈಯನ್ನು ಅಂಗುಲ ಅಂಗುಲವಾಗಿ ಓದಿದೆ. ಮೇಲಿನ ಗೋಪುರದ ಉಕ್ಕಿನ ಹಲಗೆಗಳ ಒರಟು ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ. ಬೆಸುಗೆಯ ಏಣು ಯಾವ ಮೂಲೆಯಲ್ಲಿ ದಪ್ಪ. ಹತ್ತಿ ಇಳಿಯುವವರ ಬೂಟು ತಾಗಿ ತಾಗಿ ಯಾವ ಅಂಚಿನಲ್ಲಿ ಹಸಿರು ಹೋಗಿ ಉಕ್ಕು ಹೊಳೆಯುತ್ತದೆ. ಮಳೆನೀರು ಎಲ್ಲಿ ನಿಂತು ತುಕ್ಕು ಎತ್ತ ಹರಿಯುತ್ತದೆ. ಚೈನಿನ ಕೊಂಡಿಯ ಮೇಲೆ ಕಾಗದ ಒತ್ತಿ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಿದ್ದೆ. ಪ್ರತಿ ಫೋಟೋದಲ್ಲೂ ಪಕ್ಕಕ್ಕೊಂದು ಸ್ಕೇಲು. ನಿಜದ ಮೂವತ್ತೈದು ಸೆಂಟಿಮೀಟರು ನನ್ನ ಮೇಜಿನ ಮೇಲೆ ಒಂದೇ ಒಂದಾಗಬೇಕಲ್ಲ. ಅಲ್ಲಿ ಕೂದಲೆಳೆ ತಪ್ಪಿದರೆ ಇಲ್ಲಿ ಮುಖವೇ ಬೇರೆಯಾಗುತ್ತದೆ.

ನೀನು ಬೇವಿನ ಮರದ ಕೆಳಗೆ ಟೀ ಹಿಡಿದು ಕೂತು, ಮ್ಯೂಸಿಯಂ ನೋಡಿಕೊಳ್ಳುವ ನಂಜುಂಡನ್ ಅವರ ಜತೆ ಕ್ರಿಕೆಟ್ ಮಾತಾಡುತ್ತಿದ್ದೆ. ನಾನು ಮಡ್‌ಗಾರ್ಡಿನ ಕೆಳಗೆ ತೆವಳಿಕೊಂಡು ಹೋದಾಗ ಅಲ್ಲಿಂದಲೇ ಕೂಗುತ್ತಿದ್ದೆ: “ಹೋಗು ಹೋಗು! ನಿನ್ನ ಅಳತೆಯೇ ಒಂದಕ್ಕೆ ಮೂವತ್ತೈದು ಕುಳ್ಳಿ, ಎಲ್ಲಿ ಬೇಕಾದ್ರೂ ನುಗ್ತೀಯ!” ನಂಜುಂಡನ್ ನಗುತ್ತಿದ್ದರು, ನಾನೂ ನಗುತ್ತಿದ್ದೆ. ನೀನು ಅತ್ತೆ ಮಗ, ಮುರೈ ಮಾಪ್ಪಿಳ್ಳೈ, ನಾನು ಹುಟ್ಟುವ ಮೊದಲೇ ನನಗೆ ಗೊತ್ತಾದ ಗಂಡು ಎಂದು ಎಲ್ಲರೂ ಹೇಳುತ್ತಿದ್ದ ಕಾಲ ಅದು. ನೀನು ಕುಳ್ಳಿ ಎಂದರೆ ನನಗದು ಮುದ್ದಾಗಿ ಕೇಳಿಸುತ್ತಿತ್ತು. ಆ ಹುಡುಗಿಯ ಕಿವಿ ಹಿಂಡಬೇಕು ಅನ್ನಿಸುತ್ತದೆ ಈಗ.

ಒಂದು ಶನಿವಾರ ನಾನು ತೆವಳಿ ಹೊರಬಂದು ನಿನಗೆ ಹೇಳಿದ್ದು ನಿನ್ನ ತಲೆಯಲ್ಲಿ ಉಳಿದಿರಲಾರದು. ಚೈನಿನ ಮೇಲ್ಭಾಗ ಜೋತುಬೀಳದ ಹಾಗೆ ಹೊತ್ತು ನಿಲ್ಲುವ ಸಣ್ಣ ಗಾಲಿಗಳಿವೆಯಲ್ಲ, ಬದಿಗೆ ಮೂರು ಮೂರು? “ಬಾವ, ಎಡಬದಿಯ ನಡುವಿನ ಗಾಲಿ ಬೇರೆ ಥರ ಇದೆ. ಉಳಿದವಕ್ಕೆ ರಬ್ಬರ್ ಇದೆ, ಇದಕ್ಕೆ ಇಲ್ಲ. ಇದರಲ್ಲಿ ಕಡ್ಡಿ ಕಡ್ಡಿ ಇದೆ, ಅಂಚಲ್ಲಿ ಸುತ್ತಲೂ ಕಾಲುವೆ ಥರ ಗಾಡಿ ಕೊರೆದಿದೆ. ಒಮ್ಮೆ ಬಂದು ನೋಡು,” ಎಂದೆ. ನೀನು ಎದ್ದೇಳಲಿಲ್ಲ. “ಮ್ಯೂಸಿಯಂನಲ್ಲಿ ಇರೋದು ತಪ್ಪಾಗ್ತದಾ? ಇದ್ದದ್ದ ಇದ್ದಂಗೇ ಮಾಡು,” ಎಂದೆ. ಪ್ಯಾಂಟಿಗೆ ಮಣ್ಣಾಗುತ್ತದೆ ಎಂದೂ ಸೇರಿಸಿದೆ. ನಾನು ಇದ್ದದ್ದನ್ನು ಇದ್ದ ಹಾಗೇ ಮಾಡಿದೆ. ಕಡ್ಡಿ ಕಡ್ಡಿಯಾಗಿ, ಗಾಡಿ ಸಮೇತ, ಅಕ್ಕಿಕಾಳು ಕೊರೆದಂತೆ ಕೊರೆದು.

ಆಮೇಲಿನದು ನಿನಗೂ ಗೊತ್ತು. ಫೋಟೋ ತೆಗೆಸಿಕೊಡುತ್ತೇನೆ ಎಂದು ನೀನು ನನ್ನ ಪುಟ್ಟ ಟ್ಯಾಂಕನ್ನು ತಿರುಪ್ಪೂರಿನ ನಿಮ್ಮ ಮನೆಗೆ ಒಯ್ದೆ. ಅದು ಚೆನ್ನೈನ ಸ್ಪರ್ಧೆಯಲ್ಲಿ ನಿನ್ನ ಹೆಸರಿನ ಚೀಟಿ ಹೊತ್ತು ಕೂತಿತ್ತು. ಆ ವೀಡಿಯೊವನ್ನು ನಾನು ಬಾಯಿಪಾಠವಾಗುವಷ್ಟು ಸಲ ನೋಡಿದ್ದೇನೆ. ತೀರ್ಪುಗಾರರು ಎಡಬದಿಯ ಆ ಗಾಲಿಗೆ ಬೆರಳು ತೋರಿಸಿ ಕೇಳುತ್ತಾರೆ. ನೀನು ಕಣ್ಣೂ ಮಿಟುಕಿಸದೆ, “ಆವಡಿ ಕಾರ್ಖಾನೆಯ ಮೊದಲ ತಂಡದ ಟ್ಯಾಂಕುಗಳಿಗೆ ಇಂಥದ್ದನ್ನೇ ಹಾಕುತ್ತಿದ್ದರು. ವರ್ಷಗಟ್ಟಲೆ ಸಂಶೋಧನೆ ಮಾಡಿ ಕಂಡುಹಿಡಿದೆ,” ಎಂದು ಇಂಗ್ಲಿಷಿನಲ್ಲಿ ಹೇಳುತ್ತೀಯ. ಚಪ್ಪಾಳೆ ಬೀಳುತ್ತದೆ. ಅದನ್ನು ನಂಬಿ ಯಾವುದೋ ದೂರದೇಶದ ಒಬ್ಬ ಮುದುಕ, ಪಾಪ, ತನ್ನ ಟ್ಯಾಂಕಿಗೂ ಅಂಥದೇ ಗಾಲಿ ಕೊರೆದು ಹಾಕಿಕೊಂಡು ವೀಡಿಯೊದ ಕೆಳಗೆ ನಿನಗೆ ವಂದನೆ ಬರೆದಿದ್ದಾನೆ.

ಯಾಕೆ ಹೀಗೆ ಮಾಡಿದೆ ಎಂದು ನಾನು ಕೇಳಿದ್ದಕ್ಕೆ ನೀನು ಕೊಟ್ಟ ಉತ್ತರ ಇದು: “ಮನೆಯೊಳಗೇ ಇರ್ತದಲ್ಲ ಕುಳ್ಳಿ. ನಾಳೆ ನೀನು ನನ್ನ ಹೆಂಡ್ತಿ ಆಗೋಳು. ಯಾರ ಹೆಸ್ರಾದ್ರೆ ಏನು?” ಅವತ್ತೇ ನಾನು ಅಪ್ಪನಿಗೆ ಈ ಸಂಬಂಧ ಬೇಡ ಎಂದೆ. ಮುರೈ ಗಂಡನ್ನು ಬಿಟ್ಟವಳು ಎಂದು ನಿನ್ನಮ್ಮ ನಮ್ಮ ಮನೆಯ ಮೆಟ್ಟಿಲು ತುಳಿಯುವುದನ್ನು ಬಿಟ್ಟರು. ಒಂದು ಆಟದ ಸಾಮಾನಿಗೋಸ್ಕರ ಇಷ್ಟು ಜಂಭವೇ ಎಂದು ಊರೆಲ್ಲ ಹೇಳಿಸಿಕೊಂಡೆ. ಆಟದ ಸಾಮಾನಂತೆ!

ಈಗ ನಿನಗೆ ಗೊತ್ತಿಲ್ಲದ ಕತೆ. ಮದುವೆಯಾದ ಹೊಸದರಲ್ಲಿ ನೆಂಟರೆಲ್ಲ ಸರದಿಯಲ್ಲಿ ಕರೆದು ವಿರುಂದು ಊಟ ಹಾಕುತ್ತಾರಲ್ಲ, ಹಾಗೆ ಒಂದು ಭಾನುವಾರ ಪೊಳ್ಳಾಚಿಯ ಒಂದು ಮನೆಯಲ್ಲಿ ಉಂಡು ಎದ್ದೆವು. ಬರುವ ದಾರಿಯಲ್ಲಿ ಕಾರು ನಿಲ್ಲಿಸಲು ನಾನು ಹಟ ಹಿಡಿದೆ. ಕಲ್ಯಾಣದ ಪಟ್ಟೆ ಸೀರೆ, ತಲೆತುಂಬ ಮಲ್ಲಿಗೆ, ಕೈಯಲ್ಲಿ ಟಾರ್ಚು. ಅತ್ತೆ ಕಾರಿನಿಂದ ಇಳಿಯಲೇ ಇಲ್ಲ. “ಟ್ಯಾಂಕ್ ನೋಡಕ್ಕಾ ಇಷ್ಟ್ ದೂರ? ನಮ್ಮ ಮೊಟ್ಟೆಮಾಡಿ ತಾರಸಿ ಮೇಲೇ ಎರಡು ಇದೆಯಲ್ಲಮ್ಮ!” ಎಂದರು. “ಇದರಲ್ಲಿ ನೀರಿರಲ್ಲ ಅತ್ತೆ,” ಎಂದೆ. “ನೀರಿಲ್ಲದ ಟ್ಯಾಂಕ್ ನೋಡಿ ಏನ್ ಮಾಡ್ತೀಯ, ಪೂಜೆನಾ?” ಎಂದು ಕೇಳಿ ಕಿಟಕಿ ಏರಿಸಿಕೊಂಡರು.

ಒಳಗೆ ಹೋದರೆ ಟ್ಯಾಂಕಿನ ಪಕ್ಕಕ್ಕೆ ಹೊಸ ಗಾಜಿನ ಪೆಟ್ಟಿಗೆ. ಖಾಲಿ. ಕೆಳಗೆ ಹಿತ್ತಾಳೆಯ ಫಲಕ, ಅದರಲ್ಲಿ ನಿನ್ನ ಹೆಸರು, ನಿನ್ನೊಬ್ಬನದೇ. “ನಿಮ್ಮ ಬಾವನ ಸಣ್ಣ ಟ್ಯಾಂಕು ಇದ್ರೊಳಗೆ ಬರ್ತದೆ ಅಮ್ಮಿಣಿ, ದೊಡ್ಡ ವಿಳಾ, ಸಮಾರಂಭ ಮಾಡ್ತಿದ್ದೀವಿ,” ಎಂದರು ನಂಜುಂಡನ್. ಅವರಿಗೇನು ಗೊತ್ತು! ಅಳೆದವಳು ಮಾತ್ರ ನಾನು, ಕಟ್ಟಿದವನು ನೀನು ಎಂದು ನೀನೇ ಅವರಿಗೆ ಹೇಳಿದ್ದೆ. ಏನು ಮಾಡಬೇಕು ತಿಳಿಯದೆ ಸೀರೆಯನ್ನು ಎತ್ತಿ ಸಿಕ್ಕಿಸಿಕೊಂಡು ಎಡಬದಿಯ ಮಡ್‌ಗಾರ್ಡಿನ ಕೆಳಗೆ ತೆವಳಿದೆ. ಕೆಲವರು ಬೇಸರಕ್ಕೆ ದೇವಸ್ಥಾನಕ್ಕೆ ಹೋಗುವುದಿಲ್ಲವೇ, ಹಾಗೆ. ಪ್ರೇಮ್ ಕೂಡ ನನ್ನ ಹಿಂದೆಯೇ ತೆವಳಿ ಬಂದ. ಕೇಳಿಸಿಕೊಂಡೆಯಾ ಬಾವ? ಹೊಸ ರೇಷ್ಮೆ ಶರ್ಟಿನಲ್ಲಿ, ಹೊಟ್ಟೆಯ ಮೇಲೆ, ನನ್ನ ಹಿಂದೆ!

ಟಾರ್ಚಿನ ಬೆಳಕು ಆ ಗಾಲಿಯ ಮೇಲೆ ಬಿದ್ದಾಗ ಅವನು ಮೊದಲು ಅದರ ಅಂಚಿಗೆ ಬೆರಳು ಆಡಿಸಿ ನೋಡಿದ. ಆಮೇಲೆ ತಲೆ ಮೇಲಿನ ಕಬ್ಬಿಣಕ್ಕೆ ತಲೆ ಬಡಿದುಕೊಳ್ಳುವಷ್ಟು ನಗಲು ಶುರುಮಾಡಿದ. “ಏ ಕೃತ್ತಿ, ಇದು ನಮ್ದು! ಕಂಪ್ರೆಸರ್ ಪಂಪಿನ ಪುಲ್ಲಿ ಕಣೇ! ಅಪ್ಪ ಮೊದಲು ಮಾಡ್ತಿದ್ದ ಸರಕು. ನೋಡು, ಬೆಲ್ಟ್ ಕೂರೋ ಗಾಡಿ!” ಹಸಿರು ಬಣ್ಣವನ್ನು ಉಗುರಿನಿಂದ ಕೆರೆದರೆ ಕೆಳಗೆ ಮಾವನವರ ಪಂಪು ತಯಾರಿಸುವ ಪಟ್ಟರೆಯ ಅಚ್ಚಿನ ಗುರುತು. ನಂಜುಂಡನ್ ಅವರನ್ನು ಕರೆದು ಕೇಳಿದೆವು. ಅವರು ತಲೆ ಕೆರೆದುಕೊಂಡರು. “ಆಮಾಂಗ ಅಮ್ಮಿಣಿ. ಲಾರಿಯಿಂದ ಇಳಿಸೋವಾಗ ಅದೊಂದು ಗಾಲಿ ಒಡ್ದೋಯ್ತು. ಮಾರನೇ ದಿನ ದೊಡ್ಡವರು ಬರ್ತಾರೆ, ಎಲ್ಲಿಗ್ ಹೋಗ್ಲಿ? ಪೀಳಮೇಡಿನ ಹಳೇ ಸಾಮಾನಿನ ಅಂಗಡೀಲಿ ಸೈಜ್ ನೋಡಿ ಒಂದ್ ತಂದು ಸಿಕ್ಸಿ, ಪಚ್ಚೆ ಪೈಂಟ್ ಹೊಡ್ದೆ. ಕೊಯಮತ್ತೂರಲ್ಲಿ ಪುಲ್ಲಿಗೇನು ಬರವಾ? ಇಷ್ಟು ವರ್ಷಕ್ಕೆ ಯಾರೂ ಕೇಳ್ಲಿಲ್ಲ,” ಎಂದರು.

ಆವಡಿಯ ಮೊದಲ ತಂಡ! ನಿನ್ನ ವರ್ಷಗಟ್ಟಲೆಯ ಸಂಶೋಧನೆ! ನನ್ನ ಮಾವನ ಬಾವಿ ಪಂಪು!

ಪ್ರೇಮ್ ಅಲ್ಲೇ ಎಲ್ಲರಿಗೂ ಹೇಳಿಬಿಡೋಣ ಎಂದ. ನಾನು ಬೇಡ ಎಂದೆ. ನಿನಗೆ ಇನ್ನೊಂದು ಅವಕಾಶ ಕೊಡಬೇಕೆಂದು ಅವತ್ತು ಸಂಜೆಯೇ ಫೋನು ಮಾಡಿದೆ. ಗಾಲಿಯ ಮಾತೆತ್ತಲಿಲ್ಲ. ಹಿತ್ತಾಳೆಯ ಫಲಕದಲ್ಲಿ ನನ್ನ ಹೆಸರನ್ನೂ ಸೇರಿಸು, ನಿನ್ನದರ ಕೆಳಗಿದ್ದರೂ ಸರಿ, ಸಣ್ಣಕ್ಷರವಾದರೂ ಸರಿ ಎಂದೆ. ಅಷ್ಟು ಕೆಳಗಿಳಿದೆ. ನೀನು ನಕ್ಕೆ. “ಪಲಕ ಎಲ್ಲಾ ಆಗ್ಹೋಯ್ತು ಕುಳ್ಳಿ. ಅದೂ ಅಲ್ದೆ ಈಗ ನೀನು ಬೇರೆ ಮನೆ ಹುಡ್ಗಿ. ಯಾರಪ್ಪ ಈ ಕೃತ್ತಿಕಾ ಪ್ರೇಮ್ ಕುಮಾರ್ ಅಂತ ಜನ ಕೇಳಲ್ವಾ?” ನಿನ್ನ ಹೆಂಡತಿಯಾಗುವವಳು ಎಂದಿದ್ದಾಗ ನನ್ನ ಹೆಸರು ಬೇಕಾಗಿರಲಿಲ್ಲ. ಬೇರೆಯವನ ಹೆಂಡತಿಯಾದ ಮೇಲೆ ನನ್ನ ಹೆಸರು ಕೂಡದು. ಹಾಗಾದರೆ ನನ್ನ ಹೆಸರು ನನಗೆ ಯಾವಾಗ ಸಿಗುತ್ತದೆ ಬಾವ?

ಫೋನಿಟ್ಟ ಮೇಲೆ ಬಹಳ ಹೊತ್ತು ಯೋಚಿಸಿದೆ. ನಿನ್ನ ಮಾಡೆಲ್ ತಪ್ಪು ಎಂದು ನಾನು ಬಾಯಿಬಿಟ್ಟರೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಮುರೈ ಬಿಟ್ಟವಳ ಸಂಕಟ ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಆ ಮಾಡೆಲಿನಲ್ಲಿ ತಪ್ಪೂ ಇಲ್ಲ. ಮ್ಯೂಸಿಯಂನ ಟ್ಯಾಂಕು ಹೇಗಿದೆಯೋ ಅದೂ ಹಾಗೇ ಇದೆ. ಹಾಗಾದರೆ ಮಾಡೆಲನ್ನು ಯಾಕೆ ಮುಟ್ಟಬೇಕು? ಟ್ಯಾಂಕನ್ನೇ ಸರಿ ಮಾಡಿದರಾಯಿತು!

ಈ ಯೋಚನೆ ಹೊಳೆದಾಗ ನಾನು ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದೆ. ದೋಸೆ ಸೀದುಹೋಯಿತು. ಪ್ರೇಮನನ್ನು ಪಟ್ಟರೆಯಿಂದ ಕರೆಸಿ ಹೇಳಿದೆ. ಅವನು ನನ್ನ ಮುಖವನ್ನೇ ನೋಡುತ್ತಾ, “ನಿನ್ನ ಹತ್ರ ಹುಷಾರಾಗಿರ್ಬೇಕು ಕೃತ್ತಿ,” ಎಂದ. ಮದುವೆಯಾದಾಗಿನಿಂದ ಅವನು ಆಡಿದ ಅತಿ ಸಿಹಿಯಾದ ಮಾತು ಅದೇ.

ಬಲಬದಿಯ ಗಾಲಿಯನ್ನು ನಾನು ಮತ್ತೆ ಅಳೆದೆ. ಮರದಲ್ಲಿ ಮಾದರಿ ಕೆತ್ತಿದರು. ಮರಳಿನ ಅಚ್ಚಿಗೆ ಕಬ್ಬಿಣ ಹುಯ್ಯುವ ದಿನ ಅತ್ತೆ ಕರ್ಪೂರ ಹಚ್ಚಿ, “ಬೇರೆ ಮನೆ ಸೊಸೇರು ಒಡವೆ ಮಾಡಿಸ್ತಾರೆ, ನಮ್ಮೋಳು ಚಕ್ರ ಮಾಡಿಸ್ತಾಳೆ,” ಎಂದು ಎಲ್ಲರ ಮುಂದೆ ಬೈದರು. ಬೈಯುವಾಗ ಅವರ ಮುಖದಲ್ಲಿದ್ದ ಹೆಮ್ಮೆಯನ್ನು ನೀನು ನೋಡಬೇಕಿತ್ತು. ಕರಗಿದ ಕಬ್ಬಿಣದ ಬೆಳಕು ಪ್ರೇಮನ ಮುಖದ ಮೇಲೆ ಬಿದ್ದಾಗ ಇವನನ್ನು ಇನ್ನೊಮ್ಮೆ ಮದುವೆಯಾಗೋಣ ಅನ್ನಿಸಿತು. ಟೈರಿಗೆ ಹೊಸ ರಬ್ಬರ್ ಹಾಕುವ ಅಂಗಡಿಯಲ್ಲಿ ಗಾಲಿಯ ಅಂಚಿಗೆ ರಬ್ಬರ್ ಕೂಡಿಸಿಕೊಂಡು ಬಂದೆವು.

ನನ್ನ ಮಾವ ಕೃಷ್ಣಸಾಮಿಯವರದು ಮಾತ್ರ ಒಂದು ಹಟ: ಏನು ದಾನ ಕೊಟ್ಟರೂ ಅದರ ಮೇಲೆ ‘ಉಪಯಂ’ ಎಂದು ಕೊಟ್ಟವರ ಹೆಸರು ಬರಲೇಬೇಕು. ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ಕೊಟ್ಟವರ ಹೆಸರು ಬರೆದೂ ಬರೆದೂ ಬೆಳಕೇ ಬರದಂತಾಗಿರುತ್ತದಲ್ಲ, ಆ ಪೈಕಿ ಅರ್ಧ ಇವರು ಕೊಟ್ಟ ದೀಪಗಳು. ಗಾಲಿಯ ಮೋರೆಯ ಮೇಲೆ ಅಕ್ಷರ ಬಂದರೆ ಟ್ಯಾಂಕು ಕೆಡುತ್ತದೆ ಎಂದು ನಾನು ಗೋಗರೆದೆ. “ಒಳಗಿನ ಮುಖಕ್ಕೆ ಹಾಕೋಣ ಅಮ್ಮಿಣಿ, ಆದ್ರೆ ನಿನ್ನ ಹೆಸ್ರೇ ಹಾಕೋಣ,” ಎಂದರು. ನಿನ್ನ ಹೆಸ್ರೇ, ಎಂದರು. ನಾನು ಎದ್ದು ಒಳಗೆ ಹೋಗಿ ಸ್ವಲ್ಪ ಹೊತ್ತು ಅತ್ತು ಬಂದೆ. ಆಮೇಲೆ ಕಾಗದದ ಮೇಲೆ ಹೆಸರು ಬರೆದುಕೊಟ್ಟೆ. ಕನ್ನಡದಲ್ಲಿ. ಅಂಗಮ್ಮಜ್ಜಿ ಅಕ್ಕಿಯ ಮೇಲೆ ತಿದ್ದಿಸಿದ ಹಾಗೆ, ಕ-ಕಾರಕ್ಕೆ ವಟ್ರಸುಳಿ, ತ-ಕಾರಕ್ಕೆ ಒತ್ತು. ಬರೇ ಕೃತ್ತಿಕಾ. ಹಿಂದೆ ಮುಂದೆ ಯಾರೂ ಇಲ್ಲ.

ಇವತ್ತು ಬೆಳಿಗ್ಗೆ ನಂಜುಂಡನ್ ಅವರನ್ನು ಒಪ್ಪಿಸಿ, ಜ್ಯಾಕು ಕೊಟ್ಟು ಚೈನು ಎತ್ತಿ, ಪುಲ್ಲಿ ಬಿಚ್ಚಿ, ಗಾಲಿ ಕೂರಿಸಿ ಬಂದೆವು. ಪಟ್ಟರೆಯವರದು ಒಂದು ಪದ್ಧತಿ ಇದೆ: ಬೋಲ್ಟನ್ನು ಸರಿಯಾಗಿ ಬಿಗಿ ಮಾಡಿದ ಮೇಲೆ, ಇನ್ನು ಯಾರೂ ಮುಟ್ಟಬಾರದು ಎಂದು ಅದರ ತಲೆಯ ಮೇಲೆ ಒಂದು ಗೆರೆ ಬಣ್ಣ ಎಳೆಯುತ್ತಾರೆ. ಪ್ರೇಮ್ ಬಣ್ಣದ ಡಬ್ಬಿ ಮರೆತು ಬಂದಿದ್ದ. ನನ್ನ ಬ್ಯಾಗಿನಲ್ಲಿ ನಿನ್ನ ಉಗುರು ಬಣ್ಣದ ಒಂದು ಸೀಸೆ ಇತ್ತು. ಕೆಂಪು. ಚೆನ್ನಾಗಿ ಕೂತಿದೆ. ಬಣ್ಣ ಬಳಿಯುವ ಆಸೆ ಬಂದರೆ ಇದರಲ್ಲೇ ಬಳಿ ಎಂದಿದ್ದೆಯಲ್ಲ, ನಿನ್ನ ಮಾತು ಮೀರಲಿಲ್ಲ.

ಭಾನುವಾರ ನಿನ್ನ ಪೆಟ್ಟಿಗೆಯ ಪರದೆ ಸರಿಸಲು ಮೆಟ್ಟುಪಾಳ್ಯಂನಿಂದ ಒಬ್ಬ ನಿವೃತ್ತ ಸುಬೇದಾರರು ಬರುತ್ತಾರೆ. ವಿಜಯಂತವನ್ನು ಮರಳುಗಾಡಿನಲ್ಲಿ ಓಡಿಸಿದವರಂತೆ. ನಂಜುಂಡನ್ ಹೇಳಿದರು, ಅವರು ಬಂದರೆ ಕೈಕುಲುಕುವ ಮೊದಲೇ ಗಾಲಿಗಳನ್ನು ನೋಡುತ್ತಾರಂತೆ. ನೋಡಲಿ. ಪಕ್ಕಪಕ್ಕದಲ್ಲೇ ಇರುತ್ತವೆ: ಸರಿಯಾದ ದೊಡ್ಡದು, ಪಂಪು ಹೊತ್ತ ಚಿಕ್ಕದು, ಅದರ ಕೆಳಗೆ ಹಿತ್ತಾಳೆಯಲ್ಲಿ ನೀನು. ನಿನ್ನ ಬಾಯಲ್ಲಿ ಆವಡಿಯ ಮೊದಲ ತಂಡದ ಕತೆ ಇನ್ನೊಮ್ಮೆ ಕೇಳಲು ನಾನು ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ. ನಮ್ಮ ಮನೆಯವರೆಲ್ಲ ವ್ಯಾನು ಮಾಡಿಕೊಂಡು ಬರುತ್ತಿದ್ದಾರೆ. ಅತ್ತೆಯೂ ಬರುತ್ತಾರೆ, ನೀರಿಲ್ಲದ ಟ್ಯಾಂಕು ನೋಡಲು.

ಒಂದು ಮಾತನ್ನು ಮಾತ್ರ ನಿನ್ನಿಂದ ಮುಚ್ಚಿಡಲಾರೆ. ಆ ಮಾಡೆಲು ನನ್ನ ಕೈಯಲ್ಲಿ ಹುಟ್ಟಿದ್ದು. ಜನ ಅದನ್ನು ನೋಡಿ ನಗುವುದನ್ನು ಎಣಿಸಿಕೊಂಡರೆ ನಿನ್ನ ಮೇಲಿನ ಸೇಡಿನ ರುಚಿಯಲ್ಲೂ ಒಂದು ಕಹಿ ಉಳಿಯುತ್ತದೆ. ಅದಕ್ಕೇ ಒಂದು ಸಣ್ಣ ಗಾಲಿಯನ್ನೂ ಮಾಡಿಟ್ಟಿದ್ದೇನೆ, ಒಂದಕ್ಕೆ ಮೂವತ್ತೈದರ ಅಳತೆಯಲ್ಲಿ, ರಬ್ಬರಿನ ಅಂಚಿನ ಸಮೇತ. ಕುಂಕುಮದ ಖಾಲಿ ಭರಣಿಯಲ್ಲಿದೆ. ನೀನೇ ಇನ್ನೊಂದು ಮಾಡಿ ಹಾಕಿಕೊಳ್ಳುತ್ತೇನೆ ಎಂದು ಹೊರಡಬೇಡ. ಹಳೆಯದನ್ನು ನಾನು ಕಟ್ಟುವಾಗಲೇ ಹೊಲಿಗೆ ಸೂಜಿಯ ತುಂಡಿನಿಂದ ಒಳಗಿನಿಂದ ಬಂಧಿಸಿದ್ದೇನೆ; ಎಲ್ಲಿಂದ ಎಳೆಯಬೇಕು ಎಂದು ಗೊತ್ತಿಲ್ಲದವನು ಮುಟ್ಟಿದರೆ ಚೈನು ಪೂರ್ತಿ ಬಿಡಿಬಿಡಿಯಾಗಿ ಉದುರುತ್ತದೆ. ಕಟ್ಟಿದವನಿಗೆ ಗೊತ್ತಿರುತ್ತದೆ. ನಿನಗೆ ಗೊತ್ತೇ?

ಆದ್ದರಿಂದ ಶನಿವಾರ ನಿನ್ನ ಕೈ ಸೇರುವ ಈ ಕಾಗದವನ್ನು ಸಂಜೆ ಓದಿ ಮುಗಿಸಿದ ಮೇಲೆ ನಿನ್ನ ಮುಂದೆ ಎರಡು ದಾರಿ. ಮಾಡೆಲನ್ನು ಎತ್ತಿಕೊಂಡು ತಿರುಪ್ಪೂರಿನಿಂದ ನಮ್ಮ ಮನೆಗೆ ಬಾ. ಫಲಕ ಬದಲಾಯಿಸಿ ಎಂದು ನಂಜುಂಡನ್ ಅವರಿಗೆ ನನ್ನೆದುರೇ ಫೋನು ಮಾಡು. ಈ ಸಲ ಕೆಳಗಿನ ಸಾಲು ನಿನ್ನದು. ಸಣ್ಣಕ್ಷರ. ಕಾಫಿ ಕುಡಿಯುವಷ್ಟರಲ್ಲಿ ಗಾಲಿ ಕೂರಿಸಿ ಕಳಿಸುತ್ತೇನೆ. ಇಲ್ಲವೇ ಬರಬೇಡ. ಬರದಿದ್ದರೆ ಆ ಪುಟ್ಟ ಗಾಲಿಗೆ ಹಿಂದಿನಿಂದ ಒಂದು ಕೊಕ್ಕೆ ಅಂಟಿಸಿ ಓಲೆ ಮಾಡಿಕೊಳ್ಳುತ್ತೇನೆ. ಅಳತೆ ನನ್ನ ಕಿವಿಗೆ ಹೇಳಿ ಮಾಡಿಸಿದಂತಿದೆ. ಎಡಗಿವಿಗೆ ಮದುವೆಯ ಕೆಂಪು ಕಲ್ಲಿನ ಓಲೆ, ಬಲಗಿವಿಗೆ ಅದು. ಭಾನುವಾರ ವೇದಿಕೆಯಿಂದ ನೀನು ನನ್ನ ಬಲಗಿವಿಯನ್ನು ನೋಡುತ್ತಾ ಭಾಷಣ ಮಾಡು.

ಎರಡರಲ್ಲಿ ಯಾವುದಾದರೂ ಸರಿ, ಭಾಷಣ ಮುಗಿದ ಮೇಲೆ ಒಮ್ಮೆ ಎಡಬದಿಯ ಮಡ್‌ಗಾರ್ಡಿನ ಕೆಳಗೆ ತೆವಳಿ ಹೋಗಿ ಗಾಲಿಯ ಒಳಮುಖ ನೋಡು. ಅಲ್ಲಿರುವುದನ್ನು ಓದಬಲ್ಲ ಮನುಷ್ಯರು ಆ ಜಿಲ್ಲೆಯಲ್ಲಿ ಎಷ್ಟು ಮಂದಿಯೋ, ನಮ್ಮ ಮನೆತನದಲ್ಲಂತೂ ಇಬ್ಬರೇ. ಬಿಳಿ ಪ್ಯಾಂಟು ಹಾಕಿಕೊಂಡು ಬರಬೇಡ.

ನಿನ್ನ ಮೊಣಕಾಲುಗಳಿಗೆ ಬಲ ಬರಲಿ, ಕಣ್ಣಿಗೆ ಅಕ್ಷರ ನಿಲ್ಲಲಿ ಎಂದು ಅಂಗಮ್ಮಜ್ಜಿಯ ಪರವಾಗಿ ಹರಸುವ,

ಕುಳ್ಳಿಯಲ್ಲದ,
ಕೃತ್ತಿಕಾ